ಬಾತುಕೋಳಿ ಬೇಟೆ ನಿಷೇಧದ ಅರ್ಜಿಗೆ ನಾನೇಕೆ ಸಹಿ ಹಾಕಲಿಲ್ಲ: ಅಮೆರಿಕ, ಕೆನಡಾದ ಕನ್ನಡಿಗ ಪಕ್ಷಿಪ್ರಿಯರಿಗೆ ಬಹಿರಂಗ ಪತ್ರ

ಆತ್ಮೀಯ ಗೆಳೆಯ ಗೆಳತಿಯರೇ,

ನಮಸ್ಕಾರ. ನಮ್ಮ ಪಕ್ಷಿವೀಕ್ಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಅರ್ಜಿ ಸುತ್ತುತ್ತಿದೆ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು ಒಂದು ಕೋಟಿ ಬಾತುಕೋಳಿಗಳನ್ನು ಹೊಡೆಯುತ್ತಾರೆ, ಬಾತುಗಳು ಕಡಿಮೆಯಾಗುತ್ತಿವೆ, ಆದ್ದರಿಂದ ಬೇಟೆಯನ್ನೇ ಪೂರ್ತಿ ನಿಲ್ಲಿಸಿ ಎಂದು ಅದರಲ್ಲಿ ಕೇಳಲಾಗಿದೆ. "ನೀವ್ಯಾಕೆ ಇನ್ನೂ ಸಹಿ ಹಾಕಿಲ್ಲ?" ಎಂದು ಹಲವರು ವಿಚಾರಿಸಿದಿರಿ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವ ಬದಲು ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಬೇಟೆಗಾರನಲ್ಲ, ಮಾಂಸ ತಿನ್ನುವವನೂ ಅಲ್ಲ. ಅಕ್ಟೋಬರ್ ತಿಂಗಳ ನಸುಕಿನಲ್ಲಿ ಕೆರೆ ಕಡೆಯಿಂದ ಢಂ ಢಂ ಎಂದು ಕೇಳಿಸಿದರೆ ನನಗೂ ಹೊಟ್ಟೆ ಕಿವುಚುತ್ತದೆ. ನಾವು ಬಿಟ್ಟು ಬಂದ ದೇಶದಲ್ಲಿ 1972ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ರಂಗನತಿಟ್ಟಿನ ದೋಣಿಯಲ್ಲಿ ಪಿಸುಮಾತಿನಲ್ಲೇ ಹಕ್ಕಿ ನೋಡಿ ಬೆಳೆದವರು ನಾವು. ಇಲ್ಲಿ ನೋಡಿದರೆ ಎಷ್ಟೋ ರಾಷ್ಟ್ರೀಯ ವನ್ಯಜೀವಿ ಧಾಮಗಳ ಒಳಗೇ ಬೇಟೆಗೆ ಜಾಗ ಗುರುತು ಮಾಡಿರುತ್ತಾರೆ. ಮೊದಲ ಸಲ ಆ ಬೋರ್ಡ್ ನೋಡಿದಾಗ ಯಾರಿಗಾದರೂ ತಲೆ ತಿರುಗುತ್ತದೆ. ಹಾಗಾಗಿ ಅರ್ಜಿಯ ಹಿಂದಿನ ಸಂಕಟದ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಅದರ ಲೆಕ್ಕದ ಬಗ್ಗೆ. ಹೊಡೆದ ಹಕ್ಕಿಗಳ ಲೆಕ್ಕ ಅದರಲ್ಲಿದೆ. ಹುಟ್ಟಿದ ಹಕ್ಕಿಗಳ ಲೆಕ್ಕ ಎಲ್ಲೂ ಇಲ್ಲ.

ಅಮೆರಿಕದ ಮೀನು ಮತ್ತು ವನ್ಯಜೀವಿ ಸೇವಾ ಇಲಾಖೆಯೂ ಕೆನಡಾದ ವನ್ಯಜೀವಿ ಸೇವೆಯೂ ಸೇರಿ 1955ರಿಂದ ಪ್ರತಿ ಮೇ ತಿಂಗಳಲ್ಲಿ ವಿಮಾನದಿಂದ ಬಾತುಗಳ ಎಣಿಕೆ ಮಾಡುತ್ತಿವೆ. ಕೋವಿಡ್ ಕಾರಣಕ್ಕೆ 2020 ಮತ್ತು 2021ರಲ್ಲಿ ಮಾತ್ರ ತಪ್ಪಿತು. ವಿಮಾನ ಓಡಿಸುವವರೂ ಜೀವಶಾಸ್ತ್ರಜ್ಞರೇ. ನೆಲಕ್ಕೆ ತೀರಾ ಹತ್ತಿರದಲ್ಲಿ, ಗೊತ್ತುಮಾಡಿದ ಗೆರೆಯ ಮೇಲೇ ಹಾರುತ್ತಾ, ಎರಡೂ ಪಕ್ಕದಲ್ಲಿ ಕಂಡ ಬಾತುಗಳನ್ನು ಜಾತಿವಾರು ಹೇಳಿ ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಜೊತೆಗೆ ನೀರು ನಿಂತ ಹೊಂಡಗಳನ್ನೂ ಎಣಿಸುತ್ತಾರೆ. ಹಕ್ಕಿ ಎಣಿಸಲು ಹೋದವರಿಗೆ ಹೊಂಡದ ಉಸಾಬರಿ ಯಾಕೆ ಅಂತ ನಿಮಗೆ ಅನ್ನಿಸಬಹುದು. ಸ್ವಲ್ಪ ತಾಳಿ, ಅದಕ್ಕೇ ಬರುತ್ತಿದ್ದೇನೆ.

ಈ ಎಣಿಕೆಯಲ್ಲಿ ಮ್ಯಾಲಾರ್ಡ್ ಒಂದನ್ನೇ ನೋಡೋಣ. ಹಸಿರು ತಲೆಯ ಗಂಡು, ಕಂದು ಮೈಯ ಹೆಣ್ಣು, ನಮ್ಮ ಅಪಾರ್ಟ್‌ಮೆಂಟ್ ಪಕ್ಕದ ಕೊಳಕ್ಕೂ ಬರುವ ಹಕ್ಕಿ. ಇಲ್ಲಿನ ಬೇಟೆಗಾರರು ಎಲ್ಲಕ್ಕಿಂತ ಜಾಸ್ತಿ ಹೊಡೆಯುವುದೂ ಅದನ್ನೇ. 1985ರಲ್ಲಿ ಅವು ಸುಮಾರು 50 ಲಕ್ಷಕ್ಕೆ ಇಳಿದಿದ್ದವು. 1999ರಲ್ಲಿ 1 ಕೋಟಿ 8 ಲಕ್ಷ ಆದವು. 2015ರಲ್ಲಿ 1 ಕೋಟಿ 16 ಲಕ್ಷ. ಆಮೇಲೆ ಇಳಿಯುತ್ತಾ 2023ರಲ್ಲಿ 61 ಲಕ್ಷ, 2024ರಲ್ಲಿ 66 ಲಕ್ಷ. ಅರ್ಜಿಯಲ್ಲಿ "ಕಡಿಮೆಯಾಗುತ್ತಿವೆ" ಎಂದಿರುವುದು ಈ ಕೊನೆಯ ಇಳಿತವನ್ನು ನೋಡಿ. ಅದು ಸುಳ್ಳಲ್ಲ.

ಈಗ ಬೇಟೆಯ ನಿಯಮವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಬೇಟೆ ನಿಯಮಕ್ಕೆಂದು ದೇಶವನ್ನು ಹಕ್ಕಿಗಳ ನಾಲ್ಕು ವಲಸೆ ಹಾದಿಗಳಾಗಿ ಹಂಚಿದ್ದಾರೆ. ಅವುಗಳಲ್ಲೊಂದಾದ ಮಿಸಿಸಿಪ್ಪಿ ಹಾದಿಯ ರಾಜ್ಯಗಳಲ್ಲಿ 1997ರಿಂದ ಈಚೆಗೆ ಸಡಿಲ ನಿಯಮವೇ ನಡೆದುಕೊಂಡು ಬಂದಿದೆ: ವರ್ಷಕ್ಕೆ 60 ದಿನ, ಒಬ್ಬರಿಗೆ ದಿನಕ್ಕೆ 6 ಬಾತು. ಮ್ಯಾಲಾರ್ಡ್ ಒಂದು ಕೋಟಿ ದಾಟಿದಾಗಲೂ ಇದೇ ನಿಯಮ, ಅದರ ಅರ್ಧದ ಹತ್ತಿರಕ್ಕೆ ಕುಸಿದಾಗಲೂ ಇದೇ ನಿಯಮ. ಅದಕ್ಕೂ ಹಿಂದೆ 1988ರಿಂದ 1993ರವರೆಗೆ ನಿಯಮ ಬಲು ಬಿಗಿಯಾಗಿತ್ತು, 30 ದಿನ ಮತ್ತು ದಿನಕ್ಕೆ 3 ಬಾತು. ಆಗ ಹಕ್ಕಿಗಳು ಚಿಗುರಿಕೊಳ್ಳಬೇಕಿತ್ತು ಅಲ್ವಾ? ಚಿಗುರಲಿಲ್ಲ. ವರ್ಷ ವರ್ಷವೂ ಬರ. 1993ರಲ್ಲಿ ಮಳೆ ಸುರಿಯಿತು, ಒಣಗಿದ್ದ ಹೊಂಡಗಳು ತುಂಬಿದವು. ಮರುವರ್ಷದಿಂದಲೇ ಎಣಿಕೆಯ ಗೆರೆ ಮೇಲಕ್ಕೆದ್ದಿತು.

ಆ ಹೊಂಡಗಳಿರುವ ನಾಡನ್ನು ನೀವು ನೋಡಿರದಿದ್ದರೆ ಒಮ್ಮೆ ಮೇ ತಿಂಗಳಲ್ಲಿ ಹೋಗಿ ಬನ್ನಿ. ಅಯೋವಾ, ಮಿನೆಸೋಟಗಳಿಂದ ಎರಡು ಡಕೋಟಾಗಳು, ಮೊಂಟಾನ ಹಾದು, ಗಡಿ ದಾಟಿ ಮ್ಯಾನಿಟೋಬಾ, ಸಸ್ಕ್ಯಾಚೆವಾನ್, ಆಲ್ಬರ್ಟಾವರೆಗೆ ಹರಡಿದೆ. ಹತ್ತು-ಹನ್ನೆರಡು ಸಾವಿರ ವರ್ಷಗಳ ಹಿಂದೆ ಹಿಮಗಡ್ಡೆ ಕರಗಿ ಹಿಂದೆ ಸರಿದಾಗ ನೆಲದಲ್ಲಿ ಉಳಿದ ತಗ್ಗುಗಳು ಇವು. ಕೆಲವು ಒಂದು ಕೋಣೆಯಷ್ಟು ಸಣ್ಣವು, ಕೆಲವು ದೊಡ್ಡ ಕೆರೆಗಳು. ಹಿಮ ಕರಗಿದ ನೀರು, ವಸಂತದ ಮಳೆ, ಇವೆರಡೇ ಆಧಾರ. ಸಣ್ಣ ಹೊಂಡ ಬೇಗ ಬೆಚ್ಚಗಾಗುತ್ತದೆ, ಹುಳಹುಪ್ಪಟೆ ಬೇಗ ಹುಟ್ಟುತ್ತವೆ, ಮೊಟ್ಟೆಗೆ ಬೇಕಾದ ಪ್ರೋಟೀನ್ ಹೆಣ್ಣು ಬಾತಿಗೆ ಸಿಗುವುದು ಅಲ್ಲಿಂದಲೇ. ಉತ್ತರ ಅಮೆರಿಕದ ಬಾತುಗಳಲ್ಲಿ ಅರ್ಧ ಅಥವಾ ಅದಕ್ಕೂ ಹೆಚ್ಚು ಹುಟ್ಟುವುದು ಈ ಸೀಮೆಯಲ್ಲಿ. ಬರ ಬಂದರೆ ಬಾತುಗಳು ಇಲ್ಲಿ ನಿಲ್ಲದೆ ಉತ್ತರದ ಕಾಡಿನ ಕಡೆಗೆ ಹಾರಿಹೋಗುತ್ತವೆ. ಅಲ್ಲಿ ಜೀವ ಉಳಿಯುತ್ತದೆ, ಮರಿ ಅಷ್ಟಾಗಿ ಆಗುವುದಿಲ್ಲ.

ನೀರಿದ್ದರೆ ಸಾಲದು, ಹುಲ್ಲೂ ಬೇಕು. ಮ್ಯಾಲಾರ್ಡ್ ಗೂಡು ಕಟ್ಟುವುದು ನೀರಿನ ಮೇಲಲ್ಲ, ಹೆಚ್ಚಾಗಿ ಹೊಂಡದಿಂದ ದೂರದ ಒಣನೆಲದ ಹುಲ್ಲಿನಲ್ಲಿ. ಹೆಣ್ಣು ಎಂಟು-ಒಂಬತ್ತು ಮೊಟ್ಟೆ ಇಟ್ಟು, ತನ್ನ ಎದೆಯ ತುಪ್ಪಳ ಕಿತ್ತು ಹಾಸಿ, ನಾಲ್ಕು ವಾರ ಕಾವು ಕೂರುತ್ತದೆ. ಗಂಡು ಅಷ್ಟರಲ್ಲಿ ಕಳಚಿಕೊಂಡಿರುತ್ತದೆ. ಈ ನಾಲ್ಕು ವಾರಗಳಲ್ಲಿ ಕೆಂಪು ನರಿ, ಸ್ಕಂಕ್, ರಕೂನ್, ಬ್ಯಾಜರ್, ಮಿಂಕ್, ಎಲ್ಲಕ್ಕೂ ಆ ಗೂಡು ಬೇಕು. ಮೊಟ್ಟೆ ಹೋದರೆ ಹೆಣ್ಣು ಮತ್ತೆ ಗೂಡು ಕಟ್ಟುತ್ತದೆ, ಅದೂ ಹೋದರೆ ಇನ್ನೊಮ್ಮೆ. ನರಿ ಹೆಣ್ಣನ್ನೇ ಹಿಡಿದರೆ ಮುಗಿಯಿತು. ಇಷ್ಟು ಸಲ ಪ್ರಯತ್ನ ಪಡುವ ಹಕ್ಕಿಯಾದ್ದರಿಂದ ನೂರು ಗೂಡುಗಳಲ್ಲಿ ಹದಿನೈದು ಒಡೆದು ಮರಿಯಾದರೂ ಮ್ಯಾಲಾರ್ಡ್ ಸಂಖ್ಯೆ ನಿಲ್ಲುತ್ತದೆ ಎನ್ನುತ್ತಾರೆ ತಜ್ಞರು. ನೂರಕ್ಕೆ ಬರೀ ಹದಿನೈದು! ಅಷ್ಟೂ ಆಗದ ಜಾಗಗಳು ಬೇಕಾದಷ್ಟಿವೆ. ಸುತ್ತ ಎಲ್ಲ ಮೆಕ್ಕೆಜೋಳ, ಸೋಯಾ ಬಿತ್ತಿ ಬದುವಿನ ಉದ್ದಕ್ಕೆ ಒಂದು ಪಟ್ಟಿ ಹುಲ್ಲು ಉಳಿಸಿದರೆ ನರಿಗೆ ಹುಡುಕುವ ಕೆಲಸವೇ ಇಲ್ಲ. ಆ ಪಟ್ಟಿಯುದ್ದಕ್ಕೆ ನಡೆದರಾಯಿತು. ನೂರಾರು ಎಕರೆ ಹುಲ್ಲಿದ್ದರೆ ಅದೇ ನರಿ ಸುತ್ತಿ ಸುತ್ತಿ ಸುಸ್ತಾಗುತ್ತದೆ.

ಮ್ಯಾಲಾರ್ಡ್ ಸಂಖ್ಯೆ ಏರಿಳಿಯಲು ಯಾವುದು ಎಷ್ಟು ಕಾರಣ ಎಂದು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಏರಿಳಿತದ ಶೇ. 43ರಷ್ಟು ಗೂಡಿನ ಯಶಸ್ಸಿನಿಂದ, ಶೇ. 19 ಗೂಡಿನ ಕಾಲದಲ್ಲಿ ಹೆಣ್ಣು ಬದುಕುವುದರಿಂದ, ಶೇ. 14 ಮರಿಗಳು ಬದುಕುವುದರಿಂದ. ಉಳಿದ ಕಾಲದಲ್ಲಿ, ಅಂದರೆ ಬೇಟೆಯ ಕಾಲವೂ ಸೇರಿದಂತೆ, ಹೆಣ್ಣು ಬದುಕುಳಿಯುವುದರ ಪಾಲು ಬರೀ ಶೇ. 9. ನಮ್ಮ ಅರ್ಜಿ ಈ ಒಂಬತ್ತರ ಒಂದು ಭಾಗವನ್ನು ಹಿಡಿದುಕೊಂಡು ಕೂತಿದೆ.

ಇನ್ನು ನನಗೆ ಬಹಳ ಇಷ್ಟವಾದ ಸಂಗತಿಗೆ ಬರುತ್ತೇನೆ. ಈ ಸಲ ಎಷ್ಟು ಮರಿಗಳಾದವು ಅಂತ ಇಡೀ ಖಂಡಕ್ಕೆ ತಿಳಿಯುವುದು ಹೇಗೆ? ಗೂಡು ಗೂಡಿಗೆ ಹೋಗಿ ನೋಡಲು ಆಗುವುದಿಲ್ಲ. ಇಲಾಖೆ 1961ರಿಂದ ಒಂದು ಉಪಾಯ ಮಾಡಿಕೊಂಡಿದೆ. ಆಯ್ದ ಬೇಟೆಗಾರರಿಗೆ ಅಂಚೆ ಖರ್ಚು ಕಟ್ಟಿದ ದಪ್ಪ ಲಕೋಟೆಗಳನ್ನು ಕಳಿಸುತ್ತದೆ. ಹೊಡೆದ ಪ್ರತಿ ಬಾತಿನ ಒಂದು ರೆಕ್ಕೆಯನ್ನು ಬೇಟೆಗಾರ ಅದರಲ್ಲಿಟ್ಟು, ದಿನಾಂಕ, ಜಾಗ ಬರೆದು ಅಂಚೆಗೆ ಹಾಕಬೇಕು. ಹೆಬ್ಬಾತಾದರೆ ಬಾಲದ ಗರಿ ಮತ್ತು ರೆಕ್ಕೆಯ ತುದಿ. ಚಳಿಗಾಲ ಮುಗಿಯುವ ಹೊತ್ತಿಗೆ ನಾಲ್ಕೂ ವಲಸೆ ಹಾದಿಗಳಲ್ಲಿ ಒಂದೊಂದು ಕಡೆ ಜೀವಶಾಸ್ತ್ರಜ್ಞರು ಸೇರಿ ರಾಶಿ ರಾಶಿ ರೆಕ್ಕೆಗಳನ್ನು ಮೇಜಿನ ಮೇಲೆ ಹರಡಿ ಕೂರುತ್ತಾರೆ. ಅದಕ್ಕೆ ವಿಂಗ್‌ಬೀ ಎಂದು ಹೆಸರು.

ಬೇಟೆಯಾಡುವ ನನ್ನ ಪಕ್ಕದ ಮನೆಯವರು ತಮ್ಮ ಗ್ಯಾರೇಜಿನಲ್ಲಿ ಇಂಥ ಎರಡು ರೆಕ್ಕೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದ್ದರು. ಎರಡೂ ಹೆಣ್ಣು ಮ್ಯಾಲಾರ್ಡಿನವು. ಎರಡರಲ್ಲೂ ಬಿಳಿ ಅಂಚಿನ ಅದೇ ನೀಲಿ ಪಟ್ಟಿ. ನನಗೆ ಒಂದೇ ಥರ ಕಂಡವು. ಅವರು ಮೈಗೆ ಹತ್ತಿರದ ಗರಿಗಳನ್ನು ಬೆರಳಲ್ಲಿ ಎತ್ತಿ ಹಿಡಿದರು. ಒಂದರಲ್ಲಿ ಗರಿಗಳು ಅಗಲವಾಗಿ, ತುದಿ ದುಂಡಗೆ, ಅಂಚು ನುಣುಪಾಗಿತ್ತು. ಇನ್ನೊಂದರಲ್ಲಿ ಗರಿಗಳು ಕಿರಿದಾಗಿ, ತುದಿ ಸವೆದು ನೂಲುನೂಲಾಗಿತ್ತು. ಮೊದಲನೆಯದು ದೊಡ್ಡ ಹಕ್ಕಿ, ಎರಡನೆಯದು ಅದೇ ಬೇಸಿಗೆಯಲ್ಲಿ ಹುಟ್ಟಿದ್ದು. ಬಾಲದ ಗರಿಯಲ್ಲಿ ಇನ್ನೂ ಚೆನ್ನಾಗಿ ಗೊತ್ತಾಗುತ್ತದಂತೆ. ಮರಿಯ ಮೊದಲ ತುಪ್ಪಳ ಗರಿಯ ತುದಿಗೆ ಅಂಟಿಕೊಂಡೇ ಇರುತ್ತದೆ. ಅದು ಮುರಿದು ಬಿದ್ದಾಗ ತುದಿಯಲ್ಲೊಂದು ಸಣ್ಣ ಕಚ್ಚು ಉಳಿಯುತ್ತದೆ.

ಹೀಗೆ ಲೆಕ್ಕ ಹಾಕಿದರೆ ಒಂದು ದೊಡ್ಡ ಹೆಣ್ಣಿಗೆ ಎಷ್ಟು ಎಳೆಯ ಹಕ್ಕಿಗಳು ಎಂಬ ಅನುಪಾತ ಸಿಗುತ್ತದೆ. ಎಳೆಯವು ಪೆದ್ದು, ಬೇಟೆಗಾರರು ನೀರಿನಲ್ಲಿ ತೇಲಿಬಿಡುವ ಹುಸಿ ಬಾತುಗಳನ್ನು ನಂಬಿ ಬೇಗ ಇಳಿದುಬಿಡುತ್ತವೆ, ದೊಡ್ಡವಕ್ಕಿಂತ ಸುಲಭವಾಗಿ ಗುಂಡಿಗೆ ಸಿಗುತ್ತವೆ. ಅದನ್ನೂ ಸರಿದೂಗಿಸುತ್ತಾರೆ. ಬೇಟೆ ಶುರುವಾಗುವ ಮುಂಚೆ ಎಳೆಯ ಮತ್ತು ದೊಡ್ಡ ಬಾತುಗಳ ಕಾಲಿಗೆ ನಂಬರಿನ ಉಂಗುರ ತೊಡಿಸಿ ಬಿಟ್ಟಿರುತ್ತಾರೆ. ಯಾವುದರ ಉಂಗುರ ಎಷ್ಟು ವಾಪಸು ವರದಿಯಾಯಿತು ಎಂದು ನೋಡಿದರೆ ಎಳೆಯವು ಎಷ್ಟು ಪಟ್ಟು ಹೆಚ್ಚು ಸಿಕ್ಕಿಬೀಳುತ್ತವೆ ಎಂದು ತಿಳಿಯುತ್ತದೆ. ಅದರಿಂದ ಭಾಗಿಸಿದರೆ ಆ ವರ್ಷದ ಸಂತಾನದ ಲೆಕ್ಕ ಕೈಗೆ ಬರುತ್ತದೆ. ಎಷ್ಟು ಗೂಡು ಫಲಿಸಿತು ಎಂಬುದನ್ನು ಸತ್ತ ಹಕ್ಕಿಯ ರೆಕ್ಕೆಯಿಂದ ತಿಳಿಯಬೇಕಾಗಿದೆ. ನನಗಿದು ಹಿತವಾದ ವಿಷಯವೇನಲ್ಲ. ಆದರೆ ಇಷ್ಟು ವರ್ಷಗಳ, ಇಷ್ಟು ವಿಸ್ತಾರದ ಮಾಹಿತಿ ಬೇಟೆ ಇಲ್ಲದ ಜಾತಿಗಳಿಗೆ ಸಿಗುವುದು ಕಷ್ಟ.

ಈ ರೆಕ್ಕೆಗಳಿಂದ ಒಂದು ಮುಖ್ಯ ಸಂಗತಿ ಹೊರಬರುತ್ತದೆ. ಸಾಮಾನ್ಯವಾಗಿ ಹೆಚ್ಚು ಬಾತು ಬಿದ್ದ ವರ್ಷ ಅಂದರೆ ಹೆಚ್ಚು ಮರಿಗಳಾದ ವರ್ಷ. ನಿಯಮ ಅದೇ, ದಿನ ಅಷ್ಟೇ, ಬಂದೂಕು ಅವೇ. ದಕ್ಷಿಣಕ್ಕೆ ಇಳಿದು ಬರುವ ಹಿಂಡಿನಲ್ಲಿ ಎಳೆಯ ಹಕ್ಕಿಗಳು ಜಾಸ್ತಿ ಇದ್ದರೆ ಬೇಟೆಗಾರರ ಚೀಲ ತುಂಬುತ್ತದೆ, ಬರದ ವರ್ಷ ಖಾಲಿ ಉಳಿಯುತ್ತದೆ. ಕಣದಲ್ಲಿ ರಾಗಿ ರಾಶಿ ದೊಡ್ಡದಾಯಿತು ಅಂದರೆ ಹೊಲ ಬರಿದಾಯಿತು ಅಂತ ಯಾರೂ ಅಳುವುದಿಲ್ಲ, ಆ ಸಲ ಮಳೆ ಬೆಳೆ ಚೆನ್ನಾಗಿತ್ತು ಅನ್ನುತ್ತಾರೆ. ನಮ್ಮ ಅರ್ಜಿಯಲ್ಲಿ ಒಂದು ವರ್ಷದ ಬೇಟೆಯ ಅಂಕಿ ತೋರಿಸಿ "ಹಿಂದಿನ ವರ್ಷಕ್ಕಿಂತ ಇಷ್ಟು ಹೆಚ್ಚು ಹಕ್ಕಿಗಳ ಕೊಲೆ" ಎಂದು ದಪ್ಪ ಅಕ್ಷರದಲ್ಲಿ ಬರೆದಿದೆ. ಆ ಹೆಚ್ಚಳ ಒಳ್ಳೆಯ ಸುದ್ದಿಯೂ ಆಗಿರಬಹುದು. ಸುಮ್ನೆ ಅಂಕಿ ನೋಡಿದರೆ ತಿಳಿಯುವುದಿಲ್ಲ.

ಹಾಗಾದರೆ ಎಷ್ಟು ಬೇಕಾದರೂ ಹೊಡೆಯಬಹುದೇ? ಖಂಡಿತ ಇಲ್ಲ. ಬೇಟೆಗಾರರ ಸಂಘಗಳ ಕೆಲವರು ಹೀಗೆ ಮಾತಾಡುವುದನ್ನು ಕೇಳಿದ್ದೇನೆ. ಅವರೊಂದಿಗೂ ನನ್ನ ಜಗಳ ಇದೆ.

ಅವರು ಆಧಾರಕ್ಕೆ ತರುವುದು 1976ರ ಒಂದು ಪ್ರಸಿದ್ಧ ಅಧ್ಯಯನ. ಡೇವಿಡ್ ಆ್ಯಂಡರ್ಸನ್ ಮತ್ತು ಕೆನೆತ್ ಬರ್ನ್‌ಹ್ಯಾಮ್ ಮ್ಯಾಲಾರ್ಡ್‌ಗಳ ಕಾಲುಂಗುರಗಳ ಅಂಕಿಗಳನ್ನು ಜಾಲಾಡಿದರು. ಬೇಟೆ ಹೆಚ್ಚಾದ ವರ್ಷ ಬದುಕುಳಿದ ಹಕ್ಕಿಗಳು ಕಡಿಮೆಯಾಗಬೇಕಲ್ಲ, ಹಾಗೆ ಕಾಣಲಿಲ್ಲ. ಹೇಗೂ ಚಳಿಗಾಲದಲ್ಲಿ ಹಸಿವಿಗೆ, ರೋಗಕ್ಕೆ ಒಂದಷ್ಟು ಸಾಯುತ್ತವೆ. ಬಂದೂಕು ಆ ಪಾಲಿನಿಂದಲೇ ತೆಗೆದುಕೊಂಡರೆ ವಸಂತಕ್ಕೆ ಉಳಿಯುವವು ಹೆಚ್ಚೂಕಮ್ಮಿ ಅಷ್ಟೇ. ಇದು ಅವರ ವಿವರಣೆ. ಆದರೆ ಅದಕ್ಕೊಂದು ಮಿತಿ ಇದೆ ಎಂದು ಅವರೇ ಹೇಳಿದ್ದರು. ಆ ಮಿತಿ ದಾಟಿದರೆ ಪ್ರತಿ ಗುಂಡೂ ಹೊಸ ಸಾವೇ. ಮಿತಿ ಎಲ್ಲಿದೆ ಅನ್ನುವುದರ ಬಗ್ಗೆ ವಾದ ಇವತ್ತಿಗೂ ಮುಗಿದಿಲ್ಲ.

1995ರಲ್ಲಿ ಇಲಾಖೆ ಈ ವಾದವನ್ನೇ ನಿಯಮದೊಳಗೆ ತಂದುಕೊಂಡಿತು. ನನಗೆ ಇದು ಬಹಳ ಹಿಡಿಸಿತು. ಮ್ಯಾಲಾರ್ಡ್ ಬಗ್ಗೆ ನಾಲ್ಕು ಬೇರೆ ಬೇರೆ ಲೆಕ್ಕಗಳನ್ನು ಒಟ್ಟಿಗೆ ಇಟ್ಟುಕೊಂಡರು. ಬೇಟೆಯ ಸಾವು ಉಳಿದ ಸಾವಿನ ಮೇಲೆ ಸೇರುತ್ತದೆ ಎನ್ನುವವು ಎರಡು, ಸೇರುವುದಿಲ್ಲ ಎನ್ನುವವು ಎರಡು. ಅದೇ ನಾಲ್ಕನ್ನು ಇನ್ನೊಂದು ರೀತಿ ವಿಂಗಡಿಸಿದರೆ, ಹಕ್ಕಿ ಹೆಚ್ಚಾದಂತೆ ಮರಿಗಳು ಬಹಳ ಕಡಿಮೆಯಾಗುತ್ತವೆ ಅಂತ ಎರಡು, ಅಷ್ಟೇನಿಲ್ಲ ಅಂತ ಎರಡು. ಪ್ರತಿವರ್ಷ ನಾಲ್ಕೂ ಮುಂದಿನ ಮೇ ತಿಂಗಳ ಸಂಖ್ಯೆಯನ್ನು ಊಹಿಸುತ್ತವೆ. ಯಾವುದರ ಊಹೆ ನಿಜಕ್ಕೆ ಹತ್ತಿರ ಬಂತೋ ಅದರ ಮಾತಿಗೆ ಮುಂದಿನ ಸಲ ತೂಕ ಜಾಸ್ತಿ. ಹಕ್ಕಿಯ ಸಂಖ್ಯೆ ಮತ್ತು ಹೊಂಡಗಳ ಸಂಖ್ಯೆ ಎರಡನ್ನೂ ಸೇರಿಸಿ ಸಡಿಲ, ಮಧ್ಯಮ, ಬಿಗಿ, ಪೂರ್ತಿ ಬಂದ್ ಎಂಬ ನಾಲ್ಕರಲ್ಲಿ ಒಂದನ್ನು ಆರಿಸುತ್ತಾರೆ. ಬೇಟೆ ನಿಲ್ಲಿಸುವ ಆಯ್ಕೆ ಅದರಲ್ಲೇ ಇದೆ, ನೋಡಿ.

ಹೆಬ್ಬಾತುಗಳ ಕಥೆ ಬೇರೆ. ಮ್ಯಾಲಾರ್ಡ್ ಒಂದೇ ವರ್ಷಕ್ಕೆ ಮರಿ ಮಾಡುತ್ತದೆ, ತುಂಬ ಮೊಟ್ಟೆ ಇಡುತ್ತದೆ, ಬೇಗ ಸಾಯುತ್ತದೆ. ಹೆಬ್ಬಾತು ಎರಡು-ಮೂರು ವರ್ಷ ಕಾಯುತ್ತದೆ, ನಾಲ್ಕೈದು ಮೊಟ್ಟೆ ಇಡುತ್ತದೆ, ಬಹಳ ವರ್ಷ ಬದುಕುತ್ತದೆ. ಅಲ್ಲಿ ಒಂದು ದೊಡ್ಡ ಹಕ್ಕಿ ಸತ್ತರೆ ನಷ್ಟ ದೊಡ್ಡದು. ಗ್ರೀನ್‌ಲೆಂಡಿನಲ್ಲಿ ಮರಿ ಮಾಡಿ ಐರ್ಲೆಂಡ್, ಸ್ಕಾಟ್ಲೆಂಡಿಗೆ ಚಳಿಗಾಲಕ್ಕೆ ಬರುವ ಬಿಳಿಹಣೆ ಹೆಬ್ಬಾತು ಇದೆಯಲ್ಲ, 1970ರ ದಶಕದ ಕೊನೆಯಲ್ಲಿ ಅದು ಹದಿನೈದು ಸಾವಿರದ ಆಸುಪಾಸಿಗೆ ಇಳಿದಿತ್ತು. 1982ರಲ್ಲಿ ಆ ಎರಡೂ ಕಡೆ ಬೇಟೆ ನಿಂತಿತು. 1999ರ ಹೊತ್ತಿಗೆ ಅವು 35 ಸಾವಿರ ದಾಟಿದವು. ಇಷ್ಟಕ್ಕೇ ನಿಲ್ಲಿಸಿದರೆ ನಮ್ಮ ಅರ್ಜಿ ಬರೆದವರಿಗೆ ಖುಷಿಯಾಗುತ್ತದೆ. ಆದರೆ ಆಮೇಲೆ ಅವು ಮತ್ತೆ ಇಳಿಯತೊಡಗಿದವು. ದಾರಿಯಲ್ಲಿ ಹೊಡೆಯುತ್ತಿದ್ದ ಐಸ್‌ಲೆಂಡ್ ಕೂಡ 2006ರಲ್ಲಿ ಬೇಟೆ ನಿಲ್ಲಿಸಿತು. ಇಳಿಕೆ ನಿಲ್ಲಲಿಲ್ಲ. ಕಾರಣ, ಹಿಂಡಿನಲ್ಲಿ ಮರಿಗಳೇ ಕಾಣೆ. ಒಂದೇ ಹಕ್ಕಿ, ಎರಡು ಸಲ ಬೇಟೆ ನಿಂತಿದೆ, ಎರಡು ಸಲವೂ ಫಲ ಬೇರೆ ಬೇರೆ.

ಸ್ನೋ ಗೂಸ್ ಎಂಬ ಬಿಳಿ ಹೆಬ್ಬಾತಿನದು ಇನ್ನೂ ವಿಚಿತ್ರ. ದಕ್ಷಿಣದ ರಾಜ್ಯಗಳ ಭತ್ತ, ಮೆಕ್ಕೆಜೋಳದ ಗದ್ದೆಗಳಲ್ಲಿ ಉದುರಿದ ಕಾಳು ತಿಂದು ಚಳಿಗಾಲದಲ್ಲಿ ಸಾಯದೆ ಉಳಿದವು. ಲಕ್ಷಗಳಿದ್ದವು ಕೋಟಿಯ ಕಡೆಗೆ ಬೆಳೆದವು. ಬೇಸಿಗೆಯಲ್ಲಿ ಹಡ್ಸನ್ ಕೊಲ್ಲಿಯ ದಂಡೆಗೆ ಹೋಗಿ ಹುಲ್ಲನ್ನು ಬೇರು ಸಮೇತ ಅಗೆದು ತಿಂದು, ಚರ್ಚಿಲ್ ಊರಿನ ಹತ್ತಿರದ ಜೌಗುಗಳನ್ನು ಉಪ್ಪು ಮಣ್ಣಾಗಿಸಿದವು. ಸರ್ಕಾರ 1999ರಲ್ಲಿ ಬೇಟೆಗಾರರಿಗೆ "ಎಷ್ಟಾದರೂ ಹೊಡೆಯಿರಿ" ಎಂದಿತು. ದಿನಕ್ಕಿಷ್ಟೇ ಎಂಬ ಮಿತಿ ಇಲ್ಲ, ವಸಂತದಲ್ಲೂ ಹೊಡೆಯಬಹುದು, ಹಕ್ಕಿಯ ಕೂಗನ್ನು ಸ್ಪೀಕರಿನಲ್ಲಿ ಹಾಕಿ ಕರೆಯಬಹುದು. ಬೇಟೆಗಾರರು ಹೊಡೆದರು. ಹಿಂಡು ಬೆಳೆಯುವ ವೇಗಕ್ಕೆ ಬಂದೂಕು ಸಮನಾಗಲಿಲ್ಲ. ಈಚೆಗೆ ಅವು ಕಡಿಮೆಯಾಗುತ್ತಿವೆ, ಅದೂ ಮುಖ್ಯವಾಗಿ ಮರಿಗಳು ಕಡಿಮೆಯಾಗಿರುವುದರಿಂದ ಎನ್ನುತ್ತಾರೆ ವಿಜ್ಞಾನಿಗಳು. ಬಂದೂಕಿಗೆ ಕಟ್ಟು ಬಿಚ್ಚಿ ಕೊಟ್ಟರೂ ಆಗದ ಕೆಲಸ ಗೂಡಿನಲ್ಲಿ ಆಗುತ್ತಿದೆ.

ಈಗ ನಿಜವಾಗಿಯೂ ನಾವು ದನಿ ಎತ್ತಬೇಕಾದ ಹಕ್ಕಿಗೆ ಬರುತ್ತೇನೆ. ಪಿನ್‌ಟೇಲ್. ಊರಿನಲ್ಲಿ ನಾವು ಸೂಜಿಬಾಲದ ಬಾತು ಅನ್ನುತ್ತೇವೆ. ಚಳಿಗಾಲದಲ್ಲಿ ಉತ್ತರ ಏಷ್ಯಾದಿಂದ ನಮ್ಮ ಕೆರೆಗಳಿಗೂ ಬರುವ ಅದೇ ಜಾತಿ, ಅದೇ ಉದ್ದ ಕತ್ತು, ಚೂಪು ಬಾಲ. ಇಲ್ಲಿನ ಎಣಿಕೆಯಲ್ಲಿ ಇದರ ದೀರ್ಘಕಾಲದ ಸರಾಸರಿ ಸುಮಾರು 39 ಲಕ್ಷ. 2022ರಲ್ಲಿ 18 ಲಕ್ಷಕ್ಕೆ ಬಂತು. ಆಮೇಲೂ 20 ಲಕ್ಷದ ಆಚೀಚೆಯೇ ಇದೆ. ಮ್ಯಾಲಾರ್ಡ್ ಮಳೆ ಬಂದಾಗಲೆಲ್ಲ ಎದ್ದು ನಿಂತಿತು, ಪಿನ್‌ಟೇಲ್ ಏಳಲಿಲ್ಲ. ಕಾರಣ ಅದರ ಅಭ್ಯಾಸ. ಹಿಮ ಕರಗುತ್ತಲೇ ಎಲ್ಲರಿಗಿಂತ ಮೊದಲು ಬಂದು, ಕಳೆದ ವರ್ಷದ ಗೋಧಿ ಕೂಳೆಯನ್ನೇ ಹುಲ್ಲುಗಾವಲು ಅಂದುಕೊಂಡು ಅಲ್ಲೇ ಮೊಟ್ಟೆ ಇಡುತ್ತದೆ. ಕೆಲವೇ ವಾರಗಳಲ್ಲಿ ಬಿತ್ತನೆಗೆ ಟ್ರ್ಯಾಕ್ಟರ್ ಬರುತ್ತದೆ. ಮ್ಯಾಲಾರ್ಡ್‌ನಷ್ಟು ಹಟಹಿಡಿದು ಮತ್ತೆ ಮತ್ತೆ ಗೂಡು ಕಟ್ಟುವುದೂ ಇಲ್ಲ.

ಈಚಿನ ಕೆಲವು ವರ್ಷ ಪಿನ್‌ಟೇಲ್ ದಿನಕ್ಕೆ ಒಂದೇ ಎಂಬ ನಿಯಮ ಇತ್ತು. 2025-26ರ ಬೇಟೆ ಕಾಲಕ್ಕೆ ಅದನ್ನು ಮೂರಕ್ಕೆ ಏರಿಸಿದ್ದಾರೆ. ಹೊಸ ಲೆಕ್ಕದ ಪ್ರಕಾರ ಬೇಟೆಯಿಂದ ಈ ಹಕ್ಕಿಗೆ ಅಂಥ ಹೊಡೆತ ಇಲ್ಲ ಎಂಬುದು ಅವರ ವಾದ. ಲೆಕ್ಕ ಸರಿಯೇ ಇರಬಹುದು. ಸಂಖ್ಯೆ ಇಷ್ಟು ವರ್ಷದಿಂದ ತಳ ಹಿಡಿದಿರುವಾಗ ಒಂದರಿಂದ ಎರಡಕ್ಕೆ ಹೋಗಿ ನೋಡಬಹುದಿತ್ತು, ನೇರ ಮೂರಕ್ಕೆ ನೆಗೆಯುವ ಅವಸರ ಏನಿತ್ತು ಎಂಬುದು ನನ್ನ ಪ್ರಶ್ನೆ. ಈ ಪ್ರಶ್ನೆಯನ್ನು ಕೇಳಲು ದಾರಿ ಇದೆ. ಪ್ರತಿವರ್ಷ ಇಲಾಖೆ ಮುಂದಿನ ಕಾಲದ ನಿಯಮಗಳ ಕರಡು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಪೌರತ್ವ ಇಲ್ಲದವರೂ ಬರೆಯಬಹುದು. "ಬೇಟೆ ಪಾಪ" ಎಂದು ಸಾವಿರ ಜನ ಬರೆದರೆ ಅದನ್ನು ಒಂದೇ ಸಾಲಿನಲ್ಲಿ ಉತ್ತರಿಸಿ ಮುಗಿಸುತ್ತಾರೆ. ಪಿನ್‌ಟೇಲ್ ರೆಕ್ಕೆಗಳಲ್ಲಿ ಎಳೆಯ ಹಕ್ಕಿಯ ಅನುಪಾತ ಎಷ್ಟಕ್ಕೆ ಇಳಿದರೆ ನೀವು ಮೂರನ್ನು ಮತ್ತೆ ಒಂದಕ್ಕೆ ತರುತ್ತೀರಿ ಎಂದು ಹತ್ತು ಜನ ಕೇಳಿದರೆ, ಅದಕ್ಕೆ ಅಂಕಿ ಸಮೇತ ಉತ್ತರ ಕೊಡಬೇಕಾಗುತ್ತದೆ.

ಇದಕ್ಕಿಂತ ದೊಡ್ಡ ವಿಷಯ ಹೊಂಡಗಳದ್ದು. ಅಯೋವಾ ರಾಜ್ಯದ ಜೌಗುಗಳಲ್ಲಿ ಹತ್ತಕ್ಕೆ ಒಂಬತ್ತು ಪಾಲು ಆಗಲೇ ಬರಿದಾಗಿ ಹೊಲವಾಗಿವೆ. ನಾರ್ತ್ ಡಕೋಟಾದಲ್ಲಿ ಸುಮಾರು ಅರ್ಧ. 2023ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸ್ಯಾಕೆಟ್ ಪ್ರಕರಣದಲ್ಲಿ ಕೊಟ್ಟ ತೀರ್ಪು ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆಯೋ ಗೊತ್ತಿಲ್ಲ. ನದಿ, ಸರೋವರಗಳಿಗೆ ಮೇಲ್ಮೈಯಲ್ಲೇ ಕೂಡಿಕೊಂಡಿರದ ಜೌಗುಗಳಿಗೆ ಫೆಡರಲ್ ಶುದ್ಧ ನೀರಿನ ಕಾಯ್ದೆಯ ರಕ್ಷಣೆ ಇಲ್ಲ ಎಂದಾಯಿತು. ಹುಲ್ಲುಗಾವಲಿನ ಹೊಂಡಗಳು ಬಹುಪಾಲು ಹಾಗೇ, ಒಂಟಿ ಒಂಟಿ. ಇನ್ನು ಹುಲ್ಲು. ರೈತರಿಗೆ ಬಾಡಿಗೆ ಕೊಟ್ಟು ಹೊಲವನ್ನು ಹುಲ್ಲಿಗೆ ಬಿಡಿಸುವ ಯೋಜನೆಯೊಂದು 1985ರಲ್ಲಿ ಶುರುವಾಯಿತು. 1993ರ ಮಳೆ ಅಷ್ಟು ಫಲ ಕೊಟ್ಟಿದ್ದರಲ್ಲಿ ಈ ಹುಲ್ಲಿನ ಪಾಲೂ ಇದೆ. 2007ರಲ್ಲಿ ಅದು 3 ಕೋಟಿ 60 ಲಕ್ಷ ಎಕರೆ ದಾಟಿತ್ತು. ಮೆಕ್ಕೆಜೋಳದ ಬೆಲೆ ಏರಿದ ಮೇಲೆ ಎಷ್ಟೋ ಲಕ್ಷ ಎಕರೆ ಮತ್ತೆ ಉಳುಮೆಗೆ ಹೋಯಿತು. ಆಗ ನಮ್ಮ ಗುಂಪುಗಳಲ್ಲಿ ಯಾವ ಅರ್ಜಿಯೂ ಸುತ್ತಲಿಲ್ಲ.

ಬೇಟೆಗಾರರ ಬಗ್ಗೆ ಒಂದು ಒಳ್ಳೆಯ ಮಾತನ್ನು ಹೇಳಲೇಬೇಕು. 1934ರಿಂದ 16 ವರ್ಷ ತುಂಬಿದ ಪ್ರತಿ ಬಾತು ಬೇಟೆಗಾರನೂ ಡಕ್ ಸ್ಟ್ಯಾಂಪ್ ಎಂಬ ಸರ್ಕಾರಿ ಚೀಟಿ ಕೊಳ್ಳಬೇಕು. ಮೊದಲು ಒಂದು ಡಾಲರ್ ಇತ್ತು, ಈಗ 25. ಪ್ರತಿ ಡಾಲರಿನ 98 ಸೆಂಟು ಜೌಗು, ಹುಲ್ಲುಗಾವಲು ಕೊಳ್ಳಲು ಅಥವಾ ಗುತ್ತಿಗೆಗೆ ಪಡೆಯಲು ಹೋಗುತ್ತದೆ. ಹೀಗೆ ಉಳಿದ ನೆಲ ಸುಮಾರು 60 ಲಕ್ಷ ಎಕರೆ. ನಾವು ವಾರಾಂತ್ಯದಲ್ಲಿ ಕ್ಯಾಮೆರಾ ಹಿಡಿದು ಹೋಗುವ ಎಷ್ಟೋ ವನ್ಯಜೀವಿ ಧಾಮಗಳು ಅವರ ದುಡ್ಡಿನಿಂದ ಆದವು. ಬೇಟೆಯಾಡದವರೂ ಆ ಸ್ಟ್ಯಾಂಪ್ ಕೊಳ್ಳಬಹುದು, ಪ್ರವೇಶ ಶುಲ್ಕ ಇರುವ ಧಾಮಗಳಿಗೆ ಅದೇ ಟಿಕೆಟ್ಟೂ ಆಗುತ್ತದೆ. ಕೆನಡಾದಲ್ಲೂ 1985ರಿಂದ ಇಂಥದ್ದೇ ಚೀಟಿ ಇದೆ. ಎರಡು ಸಾವಿರ ಡಾಲರಿನ ಲೆನ್ಸ್ ಕೊಳ್ಳುವ ನಾವು ಇಪ್ಪತ್ತೈದರ ಸ್ಟ್ಯಾಂಪ್ ಕೊಳ್ಳುವುದಿಲ್ಲ. ಸ್ವಲ್ಪ ಖಾರವಾಯಿತು, ಕ್ಷಮಿಸಿ.

ಅರ್ಜಿ ಬರೆದವರಿಗೆ ಒಂದು ಕರಡು ಕಳಿಸಿದ್ದೇನೆ. ಅದರಲ್ಲಿ ಮೂರು ಬೇಡಿಕೆಗಳಿವೆ. ಪಿನ್‌ಟೇಲ್ ಮಿತಿಯನ್ನು ಯಾವಾಗ ಇಳಿಸುತ್ತೀರಿ ಎಂದು ಇಲಾಖೆ ಮೊದಲೇ ಅಂಕಿ ಸಮೇತ ಹೇಳಬೇಕು. ಹುಲ್ಲಿನ ಯೋಜನೆಗೆ ಅಮೆರಿಕದ ಕೃಷಿ ಕಾಯ್ದೆಯಾದ ಫಾರ್ಮ್ ಬಿಲ್‌ನಲ್ಲಿ ಎಕರೆ ಹೆಚ್ಚಿಸಬೇಕು. ಒಂಟಿ ಹೊಂಡಗಳಿಗೆ ರಾಜ್ಯಗಳಾದರೂ ಕಾನೂನಿನ ರಕ್ಷಣೆ ಕೊಡಬೇಕು. ಮೊದಲನೆಯದನ್ನು ಇಲಾಖೆಗೂ, ಉಳಿದೆರಡನ್ನು ನಿಮ್ಮ ನಿಮ್ಮ ಸೆನೆಟರ್, ರಾಜ್ಯದ ಶಾಸಕರಿಗೂ ಕಳಿಸಬೇಕು. ಸಸ್ಕ್ಯಾಚೆವಾನ್, ಮ್ಯಾನಿಟೋಬಾದಲ್ಲಿರುವವರು ಅಲ್ಲಿನ ಪ್ರಾಂತ್ಯ ಸರ್ಕಾರಕ್ಕೆ ತಕ್ಕಂತೆ ಮೂರನೆಯದನ್ನು ಬದಲಿಸಿಕೊಳ್ಳಿ, ಹೊಂಡ ಬರಿದು ಮಾಡುವ ಕೆಲಸ ಅಲ್ಲೂ ಜೋರಾಗಿದೆ. ಬೇಟೆಯೇ ಬೇಡ ಎಂದು ಧರ್ಮದ ಕಾರಣಕ್ಕೆ ಹೇಳುವವರಿದ್ದರೆ ಅದನ್ನು ಹಾಗೇ ಹೇಳಿ, ನಾನು ಗೌರವಿಸುತ್ತೇನೆ. ಹಕ್ಕಿಯ ಸಂಖ್ಯೆಯ ಹೆಸರಿನಲ್ಲಿ ಹೇಳಬೇಡಿ.

ಕರಡಿನಲ್ಲಿ ತಿದ್ದಬೇಕಾದ್ದು ಏನಾದರೂ ಇದ್ದರೆ ಗುಂಪಿನಲ್ಲೇ ಬರೆಯಿರಿ. ಅದಕ್ಕೆ ಮೊದಲ ಸಹಿ ನನ್ನದೇ.

ಇಂತಿ ನಿಮ್ಮವನು,
ಮಿನೆಸೋಟದ ಒಬ್ಬ ಕನ್ನಡಿಗ ಪಕ್ಷಿವೀಕ್ಷಕ